ಅಪ್ಪ ಕೆಳಗಿಳಿದು ಬಂದ ವರ್ಷ

ಪಟ್ಟಣದ ಟಾಕೀಸಿನಲ್ಲಿ ಸಿನಿಮಾ ಓಡಿಸುತ್ತಿದ್ದ ಅಪ್ಪನನ್ನು ಜನ ರೀಲಪ್ಪ ಎನ್ನುತ್ತಿದ್ದರು. ಆ ಹೆಸರಿನಲ್ಲೊಂದು ಕುಚೋದ್ಯವಿತ್ತು. ರೀಲು ಬಿಡುವುದು ಅವನ ಹೊಟ್ಟೆಪಾಡು, ನಿಜ. ಆದರೆ ಬಾಯಲ್ಲಿ ಒಂದೇ ಒಂದು ರೀಲು ಬಿಟ್ಟವನಲ್ಲ. ನಾಲ್ಕು ಮಾತು ಬೇಕಾದ ಕಡೆ ಒಂದಾಡಿ, ಆ ಒಂದರಲ್ಲೂ ಅರ್ಧ ನುಂಗುವ ಜಾಯಮಾನ. ಆ ಕೊರತೆಯನ್ನೆಲ್ಲ ತುಂಬಿಕೊಡಲೆಂದೇ ಹುಟ್ಟಿದವಳು ದೊಡ್ಡ ಮಗಳು. ಅರಳು ಹುರಿದ ಹಾಗೆ ಮಾತಾಡುತ್ತಿದ್ದಳು. ಅವಳಾದ ನಾಲ್ಕು ವರ್ಷಕ್ಕೆ ಹುಟ್ಟಿದ ಚಿಕ್ಕವಳು, ಅಕ್ಕ ಹೋದಲ್ಲಿ, ಅಕ್ಕ ಕೂತಲ್ಲಿ ಅಂಟಿಕೊಂಡೇ ಇರುತ್ತಿದ್ದುದರಿಂದ ಮೊದಲು ಬಾಲಂಗೋಚಿ ಎನಿಸಿಕೊಂಡು, ಕೂಗಲು ಉದ್ದವಾಯಿತೆಂದು ಬರೀ ಗೋಚಿಯಾದಳು.

ಗೋಚಿಗೆ ಈಗ ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸಲು ಆಗುವುದಿಲ್ಲ. ಆದರೆ ಟಾಕೀಸಿನ ಹಿಂದಿನ ಓಣಿಯ ಆ ಮನೆ ಕಣ್ಣಿಗೆ ಕಟ್ಟಿದ ಹಾಗೇ ಇದೆ. ಮುಂದಿನ ಕೋಣೆಯಲ್ಲಿ ಅಮ್ಮನ ಹೊಲಿಗೆ ಯಂತ್ರ. ಅಮ್ಮ ಸ್ಕೂಲು ಮಕ್ಕಳ ಸಮವಸ್ತ್ರ ಹೊಲಿಯುತ್ತಿದ್ದಳು. ನೆಲದ ತುಂಬ ನೀಲಿ ಬಟ್ಟೆಯ ಚೂರು, ಗುರುತು ಹಾಕುವ ಸೀಮೆಸುಣ್ಣದ ಪುಡಿ, ಯಂತ್ರದ ಎಣ್ಣೆಯ ವಾಸನೆ. ಮನೆಯವರು ಯಾರೇ ಬೀದಿಗೆ ಇಳಿದರೂ ಬೆನ್ನಿಗೊಂದು ದಾರದ ಎಳೆ ಅಂಟಿಕೊಂಡು ಬರುತ್ತಿತ್ತು. ಅಡಿಗೆಮನೆಯ ಗೋಡೆಯ ಆಚೆಗೇ ಟಾಕೀಸು. ಮಧ್ಯಾಹ್ನದ ಆಟದ ಮಾತು, ಹಾಡು, ಹೊಡೆದಾಟ ಎಲ್ಲ ಗೋಡೆ ದಾಟಿ ಬರುತ್ತಿತ್ತು. ಸಿನಿಮಾ ನೋಡುವ ಮೊದಲೇ ಅಕ್ಕತಂಗಿಯರಿಗೆ ಮಾತೆಲ್ಲ ಬಾಯಿಪಾಠ. ಪಾತ್ರೆ ಒರೆಸುತ್ತ ಅಕ್ಕ ನಾಯಕಿಯಾಗುತ್ತಿದ್ದಳು. ಗೋಚಿಗೆ ಯಾವಾಗಲೂ ಸಾಯುವವರ ಪಾತ್ರ.

ಅಕ್ಕನಿಗೆ ಹದಿಮೂರು ತುಂಬಿದ ವರ್ಷ ಅವಳನ್ನು ದೊಡ್ಡ ಸ್ಕೂಲಿಗೆ ಸೇರಿಸಿದರು. ಮೂರು ಅಂತಸ್ತಿನ ಕಟ್ಟಡ, ಉದ್ದುದ್ದ ಮೊಗಸಾಲೆ, ಗಂಟೆ ಹೊಡೆದರೆ ಕಟ್ಟೆ ಒಡೆದ ನೀರಿನಂತೆ ನುಗ್ಗುವ ಮಕ್ಕಳು. ಮೊದಲ ವಾರ ಅಕ್ಕ ಎಂದಿಗಿಂತ ಹೆಚ್ಚೇ ಮಾತಾಡಿದಳು. ಎರಡನೇ ವಾರ ಮಾತು ಕಡಿಮೆಯಾಯಿತು. ಆಮೇಲೊಂದು ಬೆಳಿಗ್ಗೆ, ಅಮ್ಮನೇ ಹೊಲಿದ ಹೊಸ ಸಮವಸ್ತ್ರ ತೊಟ್ಟು ಹೊಸಿಲ ಬಳಿ ಕೂತವಳು ಹೊಟ್ಟೆ ಹಿಡಿದುಕೊಂಡು ಏಳಲೇ ಇಲ್ಲ. ಮುಖ ಬಿಳಿಚಿಕೊಂಡಿತ್ತು. ತಿಂದದ್ದೆಲ್ಲ ಕಕ್ಕಿದಳು. ಅಮ್ಮ ಬೆಚ್ಚಗಿನ ನೀರು ಕುಡಿಸಿ ಮಲಗಿಸಿದಳು. ಹತ್ತು ಗಂಟೆಯ ಹೊತ್ತಿಗೆ ಅಕ್ಕ ಎದ್ದು ಕೂತು, ಅಂಗಿಗಳಿಗೆ ಗುಂಡಿ ಹಾಕಿಕೊಡುತ್ತ ಹಾಡು ಗುನುಗುತ್ತಿದ್ದಳು.

ಮರುದಿನವೂ ಹಾಗೇ ಆಯಿತು. ಅದರ ಮರುದಿನವೂ. ಬೀದಿಯ ಡಾಕ್ಟರು ಹೊಟ್ಟೆ ಒತ್ತಿ, ನಾಲಿಗೆ ನೋಡಿ, ಏನೂ ಇಲ್ಲವೆಂದು ಟಾನಿಕ್ಕು ಕೊಟ್ಟರು. ಟಾನಿಕ್ಕು ಮುಗಿಯಿತು, ನೋವು ಮುಗಿಯಲಿಲ್ಲ. ಅಮ್ಮನ ಅಕ್ಕ, ಅಂದರೆ ದೊಡ್ಡಮ್ಮ, ಎರಡು ಬೀದಿಯಾಚೆ ಇದ್ದವಳು ದಿನಾ ಬಂದು ವಿಚಾರಣೆ ನಡೆಸಿದಳು. ಭಾನುವಾರ ರಜಾ ತೆಗೆದುಕೊಳ್ಳುವ ಹೊಟ್ಟೆನೋವನ್ನು ತಾನು ಜನ್ಮದಲ್ಲಿ ಕಂಡಿಲ್ಲವೆಂದೂ, ಸೋಮವಾರದ ಹೊಟ್ಟೆನೋವಿಗೆ ಬೆತ್ತದ ಕಷಾಯವೇ ಸರಿಯೆಂದೂ ತೀರ್ಪು ಕೊಟ್ಟಳು. ಯಾರಾದರೂ ಹೊಡೆದರಾ, ಬೈದರಾ, ಗೇಲಿ ಮಾಡಿದರಾ ಎಂದು ಎಲ್ಲರೂ ಸರದಿಯ ಮೇಲೆ ಕೇಳಿದರು. ಯಾರೂ ಏನೂ ಮಾಡಿರಲಿಲ್ಲ. ಹಾಗೆಂದು ಹೇಳಿ ಹೇಳಿ ಅಕ್ಕನಿಗೂ ಸಾಕಾಯಿತು. ಒಂದು ಕಾರಣವಾದರೂ ಇದ್ದಿದ್ದರೆ ಕೊಟ್ಟುಬಿಡುತ್ತಿದ್ದಳೇನೋ.

ಒಂದು ದಿನ ಅಪ್ಪ ಮನಸ್ಸು ಕಲ್ಲು ಮಾಡಿಕೊಂಡು ಅವಳ ಕೈ ಹಿಡಿದು ಎಳೆದುಕೊಂಡೇ ಹೋದ. ಗೋಚಿ ಹಿಂದೆ ಓಡಿದಳು. ಸ್ಕೂಲಿನ ಗೇಟಿನ ಸರಳು ಹಿಡಿದ ಅಕ್ಕ ಬಿಡಲಿಲ್ಲ. ಬೆರಳು ಬಿಡಿಸಲು ಹೋದರೆ ಉಸಿರು ಮೇಲುಸಿರಾಗಿ, ತುಟಿ ನೀಲಿಗಟ್ಟತೊಡಗಿತು. ಮಕ್ಕಳು ಗುಂಪುಗಟ್ಟಿ ನೋಡಿದರು. ಆಗ ಗೋಚಿ ಕಂಡದ್ದೊಂದು ವಿಚಿತ್ರ: ಅಕ್ಕನಿಗಿಂತ ಅಪ್ಪನೇ ಹೆಚ್ಚು ಬೆವರಿದ್ದ. ಆ ಗುಂಪಿನ ನಡುವಿನಿಂದ ಮಗಳನ್ನು ಎತ್ತಿಕೊಂಡವನೇ, ಯಾರೋ ಅಟ್ಟಿಸಿಕೊಂಡು ಬಂದ ಹಾಗೆ ಮನೆಯ ಕಡೆ ಹೆಜ್ಜೆ ಹಾಕಿದ.

ಅಂದಿನಿಂದ ಸ್ಕೂಲಿನ ಮಾತು ನಿಂತಿತು. ಮನೆಯಲ್ಲಿದ್ದರೆ ಹುಡುಗಿ ಚೆನ್ನಾಗಿರುತ್ತಾಳೆ, ಇರಲಿ ಬಿಡು ಎಂದುಕೊಂಡರು. ಆದರೆ ಹೆದರಿಕೆ ಬೆರಳು ಕೊಟ್ಟರೆ ಹಸ್ತ ನುಂಗುವಂಥದ್ದು. ಸ್ಕೂಲಿಗೆ ಹೋಗದವಳು ಕೆಲವು ದಿನಗಳಲ್ಲಿ ಮೂಲೆಯ ಅಂಗಡಿಗೂ ಹೋಗದಾದಳು. ಆಮೇಲೆ ಅಮ್ಮ ಹೊರಗೆ ಹೊರಟರೆ ಸೆರಗು ಹಿಡಿದಳು. ಹೊಲಿದ ಬಟ್ಟೆ ಕೊಟ್ಟುಬರಲು ಅಮ್ಮನಿಗೆ ಮನೆ ಬಿಡಲಾಗದೆ ಗಂಟುಗಳು ಗೋಡೆ ಪಕ್ಕ ಎತ್ತರಕ್ಕೆ ಬೆಳೆದವು.

ಗೋಚಿಗೆ ಹೊಟ್ಟೆಕಿಚ್ಚೂ ಆಯಿತು. ಅವಳೂ ಒಂದು ಬೆಳಿಗ್ಗೆ ಹೊಟ್ಟೆ ಹಿಡಿದುಕೊಂಡು ಹೊಸಿಲ ಮೇಲೆ ಕೂತಳು. ಅಮ್ಮ ಹಣೆ ಮುಟ್ಟಿ ನೋಡಿ, ಚೀಲ ಹೆಗಲಿಗೆ ಸಿಕ್ಕಿಸಿ, ಬೆನ್ನ ಮೇಲಿನ ದಾರದ ಎಳೆ ತೆಗೆದು ಕಳಿಸಿಬಿಟ್ಟಳು. ಸಂಜೆ ಮಾಳಿಗೆಯ ಮೇಲೆ ಒಣಗಿದ ಬಟ್ಟೆ ತೆಗೆಯುವಾಗ ಗೋಚಿ ಅಕ್ಕನನ್ನು ನೇರವಾಗಿಯೇ ಕೇಳಿದಳು.

"ನಿಜವಾಗ್ಲೂ ನೋಯುತ್ತಾ?"

ಅಕ್ಕ ಬಟ್ಟೆಯ ಕ್ಲಿಪ್ಪುಗಳನ್ನು ಮಡಿಲಲ್ಲಿ ಹಾಕಿಕೊಂಡಳು.

"ಮೆಟ್ಟಿಲು ಇಳೀವಾಗ ಇನ್ನೊಂದು ಮೆಟ್ಟಿಲಿದೆ ಅಂತ ಕಾಲಿಡ್ತೀಯ. ಅಲ್ಲಿ ಇರಲ್ಲ. ಆಗ ಎದೆ ಧಸಕ್ ಅನ್ನುತ್ತಲ್ಲ?"

"ಹೂಂ."

"ಅದು ಮುಗಿಯೋದೇ ಇಲ್ಲ ಅಂದ್ಕೋ. ಹಾಗಿರುತ್ತೆ."

ಗೋಚಿ ಮತ್ತೆ ಹೊಟ್ಟೆನೋವಿನ ನಾಟಕ ಆಡಲಿಲ್ಲ.

ಕೊನೆಗೆ ದೊಡ್ಡ ಸ್ಕೂಲಿನ ಹೆಡ್‌ಮಿಸ್ಸು ತಾವೇ ಮನೆಗೆ ಬಂದರು. ಬೈಯಲು ಬಂದಿರಬೇಕೆಂದು ಅಮ್ಮ ಕುರ್ಚಿ ಒರೆಸಿ ತಲೆತಗ್ಗಿಸಿ ನಿಂತರೆ, ಅವರು ಹೇಳಿದ್ದೇ ಬೇರೆ. ಇಂಥ ಮಕ್ಕಳನ್ನು ನಾವು ಮೊದಲೂ ಕಂಡಿದ್ದೇವೆ, ಇದು ಸೋಮಾರಿತನವಲ್ಲ, ದೊಡ್ಡಾಸ್ಪತ್ರೆಯಲ್ಲಿ ಮಕ್ಕಳ ಮನಸ್ಸಿನ ಡಾಕ್ಟರಿದ್ದಾರೆ, ಒಮ್ಮೆ ತೋರಿಸಿ ಎಂದರು. ದೊಡ್ಡಮ್ಮ ಎದೆ ಮುಟ್ಟಿಕೊಂಡಳು. ನಾಳೆ ನಾಲ್ಕು ಜನ ಏನೆಂದುಕೊಳ್ಳುತ್ತಾರೆ ಎಂದು ಕೇಳಿದಳು. ಎಂದೂ ದೊಡ್ಡಮ್ಮನಿಗೆ ಎದುರಾಡದ ಅಮ್ಮ, ಆ ನಾಲ್ಕು ಜನ ಬೆಳಿಗ್ಗೆ ಬಂದು ನನ್ನ ಮಗಳ ವಾಂತಿ ಬಳಿಯುತ್ತಾರಾ ಎಂದು ಕೇಳಿ ಯಂತ್ರ ತುಳಿಯತೊಡಗಿದಳು.

ನಾಲ್ವರೂ ಬಸ್ಸು ಹತ್ತಿ ಹೋದರು. ಮುನಿಸಿಕೊಂಡಿದ್ದ ದೊಡ್ಡಮ್ಮನ ಬಳಿ ಗೋಚಿಯನ್ನು ಬಿಡುವಂತಿರಲಿಲ್ಲವಾದ್ದರಿಂದ ಅವಳೂ ಡಾಕ್ಟರ ಕೋಣೆಯ ಒಳಗೇ ಇದ್ದಳು, ಮೂಲೆಯ ಚಾಪೆಯ ಮೇಲೆ ಮರದ ಬಿಲ್ಲೆಗಳನ್ನು ಜೋಡಿಸುತ್ತ. ಡಾಕ್ಟರು ಅಮ್ಮನ ವಯಸ್ಸಿನ ಹೆಂಗಸು. ಅಕ್ಕನ ಹೊಟ್ಟೆಯನ್ನು ಮುಟ್ಟಲೂ ಇಲ್ಲ. ನೋವು ಬರುವುದಕ್ಕೆ ಮುಂಚೆ ಏನನಿಸುತ್ತೆ, ಮಲಗುವಾಗ ಏನು ಯೋಚನೆ ಬರುತ್ತೆ ಎಂದು ನಿಧಾನವಾಗಿ ಕೇಳಿದರು. ಗಂಟೆ ಹೊಡೆದಾಗ ಆ ಮಕ್ಕಳ ನಡುವೆ ಉಸಿರು ಸಿಕ್ಕಿ ಸತ್ತೇಹೋಗುತ್ತೇನೆ ಅನಿಸುತ್ತದೆಂದೂ, ತಾನಿಲ್ಲದಾಗ ಮನೆಯಲ್ಲಿ ಏನೋ ಆಗಿಬಿಡುತ್ತದೆ ಅನಿಸುತ್ತದೆಂದೂ ಅಕ್ಕ ಹೇಳಿದಳು. ನಗುತ್ತಾರೇನೋ ಎಂದು ಮುಖ ನೋಡಿದಳು. ಡಾಕ್ಟರು ನಗಲಿಲ್ಲ.

"ಹೊಟ್ಟೆನೋವು ಸುಳ್ಳಲ್ಲ," ಎಂದರು ಅಪ್ಪ ಅಮ್ಮನ ಕಡೆ ತಿರುಗಿ. "ಹೆದರಿಕೆ ಬರೀ ತಲೇಲಿ ಇರಲ್ಲ. ಮಕ್ಕಳಲ್ಲಂತೂ ಹೊಟ್ಟೆಗೇ ಮೊದಲು ಬರುತ್ತೆ. ಅವಳು ನಟನೆ ಮಾಡ್ತಿಲ್ಲ."

ಅಕ್ಕ ಅಳತೊಡಗಿದ್ದು ಆಗ. ಇಷ್ಟು ದಿನ ಯಾರ ಬಾಯಿಂದಲೂ ಬಾರದಿದ್ದ ಮಾತು ಅದು.

ಹೆದರಿಕೆ ಏರುತ್ತದೆ, ಒಂದು ಹಂತಕ್ಕೆ ಬಂದು ನಿಲ್ಲುತ್ತದೆ, ಆಮೇಲೆ ತಾನೇ ಇಳಿಯುತ್ತದೆ ಎಂದು ಡಾಕ್ಟರು ವಿವರಿಸಿದರು. ಏರುವಾಗಲೇ ಎದ್ದು ಓಡಿದರೆ ಇಳಿಯುವುದನ್ನು ನೋಡಲು ಸಿಗುವುದೇ ಇಲ್ಲ. ಓಡಿದ್ದರಿಂದಲೇ ಬದುಕಿದೆ ಎಂದು ಮನಸ್ಸು ಪಾಠ ಕಲಿಯುತ್ತದೆ. ಎಳೆದುಕೊಂಡು ಹೋಗುವುದೂ ಬೇಡ, ಮನೆಯಲ್ಲೇ ಬಚ್ಚಿಡುವುದೂ ಬೇಡ, ಸ್ವಲ್ಪಸ್ವಲ್ಪವಾಗಿ ಹೋಗಿ ನಿಲ್ಲುವುದನ್ನು ಕಲಿಸೋಣ ಎಂದರು. ಕೊನೆಗೆ, ಮನೆತನದಲ್ಲಿ ಇನ್ಯಾರಿಗಾದರೂ ಹೀಗಿತ್ತಾ ಎಂದು ಕೇಳಿದರು.

ಅಮ್ಮ ಇಲ್ಲವೆಂದು ತಲೆಯಾಡಿಸಿದಳು. ಅಪ್ಪ ತನ್ನ ಅಂಗೈ ನೋಡಿಕೊಳ್ಳುತ್ತಿದ್ದ.

"ನನಗಿದೆ," ಎಂದ.

ಮರದ ಬಿಲ್ಲೆ ಹಿಡಿದ ಗೋಚಿಯ ಕೈ ಹಾಗೇ ನಿಂತಿತು. ಆಮೇಲೆ ಅಪ್ಪ ಒಟ್ಟಿಗೆ ಆಡಿದಷ್ಟು ಮಾತನ್ನು ಅವಳು ಅದಕ್ಕೆ ಮುಂಚೆ ಕೇಳಿರಲಿಲ್ಲ. ಹುಡುಗನಾಗಿದ್ದಾಗ ತರಗತಿಯಲ್ಲಿ ಕೂತರೆ ಗಂಟಲು ಕಟ್ಟುತ್ತಿತ್ತಂತೆ. ಏಟು ತಿಂದು ತಿಂದು ಓದು ಬಿಟ್ಟನಂತೆ. ಚಿಕ್ಕಪ್ಪನೊಬ್ಬ ಟಾಕೀಸಿನ ಮೇಲಿನ ಕೋಣೆಗೆ ಕೆಲಸಕ್ಕೆ ಹಚ್ಚಿದಾಗ, ಅಲ್ಲಿ ಒಂದು ಬಾಗಿಲು, ಅದಕ್ಕೊಂದು ಚಿಲಕ, ಅಂಗೈಯಗಲದ ಕಿಟಕಿ, ಬೇರೆ ಯಾರೂ ಇಲ್ಲ. ಸ್ವರ್ಗ ಸಿಕ್ಕಿತು ಅಂದುಕೊಂಡೆ ಎಂದ. "ಆವತ್ತು ಒಳಗೆ ಹೋದವನು ಇನ್ನೂ ಹೊರಗೆ ಬಂದಿಲ್ಲ, ಡಾಕ್ಟ್ರೇ."

ಟಾಕೀಸಿನವನ ಹೆಂಡತಿಯಾಗಿಯೂ ಅಮ್ಮ ಮದುವೆಯಾದಂದಿನಿಂದ ಒಂದು ಸಿನಿಮಾವನ್ನೂ ಗಂಡನ ಪಕ್ಕ ಕೂತು ನೋಡಿರಲಿಲ್ಲ. ಕೆಲಸದವನಿಗೆ ಪುರುಸೊತ್ತೆಲ್ಲಿ ಎಂದು ಅವನೆಂದಿದ್ದ, ಅವಳು ನಂಬಿದ್ದಳು. ನೆಂಟರ ಮನೆಗೆ ಬಾರದಿದ್ದರೆ ಬಿಗುಮಾನದವನು ಎಂದುಕೊಂಡಿದ್ದಳು. ಬಸ್ಸಿನಲ್ಲಿ ವಾಪಸು ಬರುವಾಗ ಅವಳು ಕಿಟಕಿಯಾಚೆಯೇ ನೋಡುತ್ತಿದ್ದು, ಅರ್ಧ ದಾರಿಯಲ್ಲಿ, "ನನಗೆ ಹೇಳಬಹುದಿತ್ತಲ್ಲ," ಎಂದಳು. ಅಪ್ಪ, "ಹೇಳೋಕೂ ಹೆದರಿಕೆ," ಎಂದ. ಆಮೇಲೆ ಅಮ್ಮ ಅವನ ತೋಳಿಗೆ ಅಂಟಿದ್ದ ನೀಲಿ ದಾರವನ್ನು ತೆಗೆದು, ಬಿಸಾಡದೆ ಬೆರಳಿಗೆ ಸುತ್ತಿಕೊಳ್ಳುತ್ತ ಕೂತಳು.

ಹಾಗೆ ಶುರುವಾಯಿತು ಆ ನಡಿಗೆ. ಮೊದಲು ಓಣಿಯ ತುದಿಯವರೆಗೆ. ಅಲ್ಲಿ ನಿಂತು, ಅಕ್ಕನ ಎದೆ ಡವಗುಟ್ಟುವುದು ನಿಲ್ಲುವವರೆಗೆ ಕಾದು, ವಾಪಸು. ಕೆಲವು ದಿನ ಕಳೆದು ಅಂಗಡಿಯವರೆಗೆ. ಆಮೇಲೆ ಮಕ್ಕಳೆಲ್ಲ ಮನೆಗೆ ಹೋದ ಮೇಲೆ ಖಾಲಿ ಸ್ಕೂಲಿನ ಗೇಟಿನವರೆಗೆ. ಅಮ್ಮ ಮಣಿಕಟ್ಟಿಗೆ ಕಟ್ಟಿದ, ಸೂಜಿ ಚುಚ್ಚಿಡುವ ಪುಟ್ಟ ದಿಂಬನ್ನು ಬಿಚ್ಚಲು ಮರೆತು ಹಾಗೇ ಬರುತ್ತಿದ್ದಳು. ಅಪ್ಪ ಮಧ್ಯಾಹ್ನದ ಆಟ ಮುಗಿಸಿ ಬರುತ್ತಿದ್ದ. ಗೋಚಿ ಮುಂದೆ ಓಡಿ, ದಾರಿಯಲ್ಲಿ ಸಿಕ್ಕ ನಾಯಿ ಬೆಕ್ಕುಗಳ ವರದಿ ತರುತ್ತಿದ್ದಳು. ಖಾಲಿ ತರಗತಿಯಲ್ಲಿ ಅಕ್ಕನ ಬೆಂಚಿನ ಮೇಲೆ ನಾಲ್ವರೂ ಇಕ್ಕಟ್ಟಾಗಿ ಕೂತದ್ದೂ ಇದೆ. ದೊಡ್ಡಮ್ಮನೂ ಒಂದು ಸಂಜೆ ನೋಡಿಯೇಬಿಡೋಣವೆಂದು ಬಂದಳು. ಮೊಗಸಾಲೆಯ ಉದ್ದಕ್ಕೂ ನಡೆದು, ಇಷ್ಟು ದೊಡ್ಡ ಕಟ್ಟಡ ಕಟ್ಟಿದರೆ ಮಕ್ಕಳು ಹೆದರದೆ ಇನ್ನೇನು ಎಂದು ಇಂಜಿನಿಯರನಿಗೆ ಬೈದಳು. ಅಲ್ಲಿಗೆ ಅವಳೂ ಇವರ ಪಕ್ಷವಾದಳೆಂದು ಅರ್ಥ.

ಆದರೆ ಮಕ್ಕಳಿದ್ದಾಗ ಗೇಟು ದಾಟುವ ದಿನ ಬಂದಾಗ ಅಕ್ಕನ ಕಾಲು ಕಿತ್ತು ಬರಲಿಲ್ಲ. ದಿನಾ ಗೇಟಿನವರೆಗೆ ಹೋಗುವುದು, ದಿನಾ ವಾಪಸು. ಒಂದು ಬೆಳಿಗ್ಗೆ ಅಪ್ಪ, ಒಂದೇ ಒಂದು ಹೆಜ್ಜೆ ಇಡು ಮಗಳೇ ಎಂದಾಗ, ಅಕ್ಕನ ಸಿಟ್ಟು ನೆತ್ತಿಗೇರಿತು.

"ನೀನು ಮಾತ್ರ ಮೇಲೆ ಚಿಲಕ ಹಾಕ್ಕೊಂಡು ಕೂತಿರ್ತೀಯ. ನನಗೆ ಮಾತ್ರ ಒಳಗೆ ಹೋಗು ಅಂತೀಯ."

ಅಮ್ಮ ಗದರಲು ಹೋದಳು. ಅಪ್ಪ ಕೈಯೆತ್ತಿ ತಡೆದ. ಎಲ್ಲರೂ ಮನೆಗೆ ಮರಳಿದರು. ಹೊಸಿಲ ಬಳಿ ಚಪ್ಪಲಿ ಬಿಡುತ್ತ, "ನಾನು ಕೆಳಗೆ ಜನರ ನಡುವೆ ಬಂದು ಕೂತ್ರೆ?" ಎಂದ.

ಶನಿವಾರ ಮಧ್ಯಾಹ್ನದ ಆಟ. ಮೇಲಿನ ಯಂತ್ರ ನೋಡಿಕೊಳ್ಳುವವರು ಯಾರು? ಟಾಕೀಸಿನ ಮಾಲೀಕರು ತಾವೇ ಓಡಿಸುವುದಾಗಿ ಹೇಳಿದರು. ನೀನು ಹುಟ್ಟುವ ಮೊದಲೇ ನಾನು ರೀಲು ಸುತ್ತಿದವನು ಎಂದು ಹೊಟ್ಟೆ ಸವರಿಕೊಂಡು, ಏದುಸಿರು ಬಿಡುತ್ತ ಕಬ್ಬಿಣದ ಏಣಿ ಹತ್ತಿದರು. ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ. ಬಾಗಿಲ ಪಕ್ಕದ ಕುರ್ಚಿ ಹಿಡಿಯಲು ಹೋದವನನ್ನು ಅಕ್ಕ ಬಿಡಲಿಲ್ಲ. ಸಾಲಿನ ನಡುಮಧ್ಯಕ್ಕೆ ಕರೆದುಕೊಂಡು ಹೋದಳು. ಅಪ್ಪನ ಒಂದು ಕಡೆ ಅವಳು, ಇನ್ನೊಂದು ಕಡೆ ಅಮ್ಮ, ಅಮ್ಮನ ಪಕ್ಕ ಗೋಚಿ. ಹಿಂದೆ ಮುಂದೆ ಜನ ತುಂಬಿದರು. ದೀಪ ಆರಿತು.

ಕತ್ತಲಲ್ಲಿ ಅಪ್ಪನ ಉಸಿರು ಗೋಚಿಯವರೆಗೂ ಕೇಳಿಸುತ್ತಿತ್ತು. ಕುರ್ಚಿಯ ಕೈ ಹಿಡಿದ ಬೆರಳ ಗೆಣ್ಣುಗಳು ಪರದೆಯ ಬೆಳಕಿನಲ್ಲಿ ಬೆಳ್ಳಗೆ ಕಾಣುತ್ತಿದ್ದವು. ಅಕ್ಕ ಅವನ ಕಿವಿಗೆ ಬಾಗಿ ಹೇಳುತ್ತಲೇ ಇದ್ದಳು.

"ಏರುತ್ತೆ ಅಪ್ಪ. ಏರಲಿ ಬಿಡು. ಏಳಬೇಡ."

ಆಗಲೇ ಎಡವಟ್ಟಾದದ್ದು. ಮೊದಲ ರೀಲು ಮುಗಿದು ಎರಡನೆಯದಕ್ಕೆ ಹೊರಳುವ ಹೊತ್ತಿಗೆ ಮಾಲೀಕರು ಎರಡನೆಯದರ ಬದಲು ನಾಲ್ಕನೆಯದನ್ನು ಏರಿಸಿಬಿಟ್ಟರು. ಈಗಷ್ಟೇ ಹುಡುಗಿಯನ್ನು ಮೊದಲ ಸಲ ನೋಡಿದ ನಾಯಕ, ಕಣ್ಣು ಮಿಟುಕಿಸುವುದರೊಳಗೆ ಅವಳೊಂದಿಗೆ ಸಂಸಾರ ಹೂಡಿ ಜಗಳವಾಡುತ್ತಿದ್ದ. ಅದೂ ಮಂಜುಮಂಜಾಗಿ, ಅರ್ಧ ತಲೆ ಕತ್ತರಿಸಿಕೊಂಡು. ಜನ ಶಿಳ್ಳೆ ಹೊಡೆದರು. ರೀಲಪ್ಪ, ನಿದ್ದೆ ಹೊಡೀತಿದ್ದೀಯಾ ಎಂದು ಹಿಂದಿನಿಂದ ಯಾರೋ ಕೂಗಿದರು.

ಅಪ್ಪ ಅರ್ಧ ಎದ್ದೇಬಿಟ್ಟ. ಅವನ ಕೆಲಸ ಅದು. ಇಷ್ಟು ವರ್ಷದಲ್ಲಿ ಒಂದು ದಿನವೂ ರೀಲು ತಪ್ಪಿಸದವನು. ಏಣಿ ಹತ್ತಿ ಹೋದರೆ ಯಾರೂ ಹೆದರಿ ಓಡಿದ ಎನ್ನುತ್ತಿರಲಿಲ್ಲ; ಕೆಲಸಗಾರ ಎಂದೇ ಹೊಗಳುತ್ತಿದ್ದರು. ಮೇಲೆ ಬಾಗಿಲೂ ಇತ್ತು, ಚಿಲಕವೂ ಇತ್ತು. ಅಕ್ಕ ಅವನ ಕೈ ಹಿಡಿಯಲಿಲ್ಲ, ಎಳೆಯಲೂ ಇಲ್ಲ. ಮುಖವೆತ್ತಿ ನೋಡಿದಳು, ಅಷ್ಟೇ.

ಅಪ್ಪ ಮತ್ತೆ ಕೂತ.

ಜನ ಇನ್ನಷ್ಟು ಶಿಳ್ಳೆ ಹೊಡೆದರು. ಪರದೆ ಬೆಳ್ಳಗಾಯಿತು, ಕಪ್ಪಾಯಿತು. ಅವನು ಕೂತೇ ಇದ್ದ. ಮಾಲೀಕರು ಹೇಗೋ ಸರಿಯಾದ ರೀಲು ಹುಡುಕಿ ಹಾಕಿದರು. ಅದು ನಗೆಯ ಸಿನಿಮಾ. ದಪ್ಪನೆಯವನೊಬ್ಬ ಕಿರಿದಾದ ಮೆಟ್ಟಿಲಲ್ಲಿ ಮಂಚ ಇಳಿಸಲು ಹೋಗಿ, ಮಂಚದ ಜೊತೆ ತಾನೂ ಗೋಡೆಗೆ ಸಿಕ್ಕಿಕೊಳ್ಳುವ ಒಂದು ದೃಶ್ಯ ಬಂತು. ಇಡೀ ಟಾಕೀಸು ಬಿದ್ದು ಬಿದ್ದು ನಕ್ಕಿತು. ಅಪ್ಪ ಸುತ್ತ ತಿರುಗಿ ನೋಡಿದ. ಅವನ ಬೆರಳುಗಳು ಕುರ್ಚಿಯನ್ನು ಬಿಟ್ಟಿದ್ದವು.

"ಜನ ಇಷ್ಟು ಜೋರಾಗಿ ನಗ್ತಾರಾ?" ಎಂದು ಅಮ್ಮನನ್ನು ಕೇಳಿದ.

ಮೇಲಿನ ಕೋಣೆಯಲ್ಲಿ ಯಂತ್ರದ ಗಡಗಡ ಬಿಟ್ಟು ಬೇರೇನೂ ಕೇಳಿಸುತ್ತಿರಲಿಲ್ಲವಂತೆ. ಅಷ್ಟೊಂದು ನಗೆಯ ಸಿನಿಮಾ ತೋರಿಸಿದವನು ಜನರ ನಗುವನ್ನೇ ಕೇಳಿರಲಿಲ್ಲ. ಆಮೇಲೆ ಅವನೂ ನಕ್ಕ. ಮೊದಲು ಗಂಟಲಲ್ಲಿ, ಆಮೇಲೆ ಹೊಟ್ಟೆಯಿಂದ. ಅಮ್ಮ ಸಿನಿಮಾ ಬಿಟ್ಟು ಅವನನ್ನೇ ನೋಡುತ್ತ ಕೂತಳು.

ಸೋಮವಾರ ಅಕ್ಕ ಕುಣಿಯುತ್ತ ಸ್ಕೂಲಿಗೆ ಹೋದಳು ಎಂದರೆ ರೀಲು ಬಿಟ್ಟಂತಾಗುತ್ತದೆ. ಗೇಟಿನ ಬಳಿ ನಿಂತಳು, ಬಿಳಿಚಿಕೊಂಡಳು, ಒಂದು ಸಲ ಹಿಂದಕ್ಕೂ ತಿರುಗಿದಳು. ಆಮೇಲೆ ಒಳಗೆ ಹೋಗಿ ಒಂದು ಪಾಠದ ಹೊತ್ತು ಕೂತು ಬಂದಳು. ಮರುದಿನ ಆಗಲಿಲ್ಲ. ಅದರ ಮರುದಿನ ಮತ್ತೆ ಆಯಿತು. ಹೆಡ್‌ಮಿಸ್ಸು ತಮ್ಮ ಕೋಣೆಯ ಬಾಗಿಲು ಅವಳಿಗಾಗಿ ತೆರೆದೇ ಇಟ್ಟರು, ಬೇಕೆನಿಸಿದಾಗ ಬಂದು ಕೂತು, ಹೆದರಿಕೆ ಇಳಿದ ಮೇಲೆ ತರಗತಿಗೆ ಹೋಗಲೆಂದು. ಆ ವರ್ಷದ ಪರೀಕ್ಷೆ ತಪ್ಪಿತು. ಅದೇ ತರಗತಿಯಲ್ಲಿ ಇನ್ನೊಂದು ವರ್ಷ ಕೂತಳು. ಎರಡನೆಯ ವರ್ಷ ಮಾತು ವಾಪಸು ಬಂತು. ತರಗತಿಯಲ್ಲಿ ಮಾತಾಡಿದ್ದಕ್ಕೆ ಬೆಂಚಿನ ಮೇಲೆ ನಿಲ್ಲಿಸಿದರೆಂದು ಅವಳು ದೂರು ಹೇಳಿದ ಸಂಜೆ, ಅಮ್ಮ ಖುಷಿಗೆ ಕಣ್ಣೊರೆಸಿಕೊಂಡಳು.

ಅಪ್ಪ ಟಾಕೀಸು ಮುಚ್ಚುವವರೆಗೂ ಮೇಲಿನ ಕೋಣೆಯಲ್ಲೇ ಕೆಲಸ ಮಾಡಿದ. ಆದರೆ ರಜೆ ಹಾಕಿ ಅಮ್ಮನೊಂದಿಗೆ ಬೇರೆ ಟಾಕೀಸಿಗೆ ಹೋಗುವುದನ್ನು ಕಲಿತ. ಸಾಲಿನ ತುದಿಯ ಕುರ್ಚಿಯೇ ಅವನಿಗಿಷ್ಟ, ನಿಜ. ಮಧ್ಯದಲ್ಲಿ ಎದ್ದು ಹೊರಗೆ ಹೋಗುತ್ತಿರಲಿಲ್ಲ.

ಅಕ್ಕ ಮುಂದೆ ಭೂಮಿ ಅಳೆಯುವ ಕೆಲಸ ಹಿಡಿದಳು. ಜಗಳವಾಡುವ ಅಣ್ಣತಮ್ಮಂದಿರ ನಡುವೆ ಅಳತೆಯ ಸರಪಳಿ ಹಿಡಿದು ನಿಲ್ಲುವುದು ಅವಳ ದಿನಚರಿ. ಈಗಲೂ ಆ ಹೆದರಿಕೆ ಬರುತ್ತಾ ಎಂದು ಗೋಚಿ ಒಮ್ಮೆ ಫೋನಿನಲ್ಲಿ ಕೇಳಿದ್ದಳು. "ಬರುತ್ತೆ. ಕೂತು ಹೋಗುತ್ತೆ. ನೆಂಟರ ಹಾಗೆ," ಎಂದಿದ್ದಳು ಅಕ್ಕ.

ಆ ತಿಂಗಳುಗಳನ್ನು ಮನೆಯಲ್ಲಿ ಎಲ್ಲರೂ ಕಷ್ಟದ ದಿನಗಳು ಎಂದೇ ಕರೆಯುತ್ತಿದ್ದರು. ಗೋಚಿ ಎದುರಾಡುವುದಿಲ್ಲ. ಆದರೆ ನಾಲ್ವರೂ ಒಟ್ಟಾಗಿ ಬೀದಿಯಲ್ಲಿ ನಡೆದದ್ದು ಆಗಷ್ಟೇ. ಅಕ್ಕನ ಎದೆಬಡಿತ ಇಳಿಯಲೆಂದು ಕಾಯುತ್ತ ನಿಂತ ಆ ಹೊತ್ತಿನಲ್ಲಿ ಯಾರಿಗೂ ಎಲ್ಲಿಗೂ ಹೋಗುವ ಅವಸರವಿರಲಿಲ್ಲ. ಅಪ್ಪ ಗೋಡೆಗೊರಗಿ ನಿಂತಿರುತ್ತಿದ್ದ, ಸಂಜೆಯ ಬಿಸಿಲು ಅಮ್ಮನ ಸೂಜಿಗಳ ಮೇಲೆ ಮಿನುಗುತ್ತಿತ್ತು. ಯಾರಿಗೂ ಹೇಳದಿದ್ದರೂ ಆ ದಿನಗಳು ಮತ್ತೆ ಬಂದರೆ ಬೇಡವೆನ್ನಲಾರಳು.

ಅಕ್ಕತಂಗಿಯರು ಸೇರಿದಾಗಲೆಲ್ಲ ಒಂದು ಜಗಳ ಇದ್ದೇ ಇದೆ. ಮಂಚ ಸಿಕ್ಕಿಕೊಳ್ಳುವ ಆ ಸಿನಿಮಾ ಯಾವುದು? ಅದು ಹಜಾಮನ ಕತೆ ಎನ್ನುತ್ತಾಳೆ ಅಕ್ಕ. ಅಲ್ಲವೇ ಅಲ್ಲ, ಇಬ್ಬರು ಬಾಡಿಗೆದಾರರ ಕತೆ ಎನ್ನುತ್ತಾಳೆ ಗೋಚಿ. ಅಮ್ಮನನ್ನು ಕೇಳಿದರೆ, ನಾನು ಪರದೆ ನೋಡಿದ್ದರೆ ತಾನೇ ಹೇಳೋದು ಎಂದು ನಗುತ್ತಿದ್ದಳು. ಹೆಸರು, ರೀಲು, ಯಾವ ರೀಲಿನಲ್ಲಿ ಎಷ್ಟು ಗೀರು ಎಂದು ಸರಿಯಾಗಿ ಹೇಳಬಲ್ಲವನು ಅಪ್ಪನೊಬ್ಬನೇ. ಅವನಿದ್ದಾಗ ಕೇಳಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ.